ಮಾತು ಬರುವ ತನಕ ಕೂತಿದ್ದು

ಪಾರ್ಶ್ವವಾಯು ಹೊಡೆದು ಮಾತು ಹೋದವರ ಬಾಯಲ್ಲಿ ಎಷ್ಟೋ ಸಲ ಕೊನೆಗೆ ಉಳಿಯುವುದು ಒಂದು ಬೈಗುಳ. ಇದನ್ನು ನಾನು ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ವಿದ್ಯಾರಣ್ಯಪುರದ ನಿವೃತ್ತ ಗಣಿತ ಮೇಷ್ಟರೊಬ್ಬರು ನನ್ನನ್ನು ಬೆಚ್ಚಿಬೀಳಿಸಿದರು. ಹಣೆಗೆ ಗಂಧ, ಹೆಗಲ ಮೇಲೆ ಮಡಿಸಿದ ಶಾಲು. 'ತಮ್ಮ ಹೆಸರು ಸಾರ್?' ಎಂದು ನಾನು ಕೇಳಿದ್ದಕ್ಕೆ, ಸಂತೆಯಲ್ಲೂ ಜನ ಆಚೀಚೆ ನೋಡಿ ಆಡುವಂಥ ಒಂದು ಶಬ್ದವನ್ನು ಬಹಳ ಗೌರವದ ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಹೇಳಿದ ಮೇಲೆ ಅವರಿಗೇ ಗಾಬರಿ. ಇನ್ನೇನೋ ಹೇಳಲು ಹೋದರು, ಮತ್ತೆ ಅದೇ ಬಂತು.

ಪಕ್ಕದಲ್ಲಿದ್ದ ಅವರ ಹೆಂಡತಿ ಸ್ವಲ್ಪ ಹೊತ್ತು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು ತಡೆಯಲಾಗುತ್ತಿಲ್ಲ. "ಇಷ್ಟು ವರ್ಷ ಸಂಸಾರ ಮಾಡಿದೀನಿ ಕಣಮ್ಮ, ಈ ಮಾತು ಇವ್ರಿಗೆ ಗೊತ್ತು ಅಂತಾನೇ ನಂಗೆ ಗೊತ್ತಿರ್ಲಿಲ್ಲ" ಎಂದರು. ಮೇಷ್ಟರೂ ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ "ಸಾಕು" ಎಂದರು. ಅದು ಅವರ ಎರಡನೆಯ ಶಬ್ದ. ಆಮೇಲೆ ಆ ವಾರವಿಡೀ ನಾನು ಮಾಡಿಸಿದ ಬಾಯಿ ವ್ಯಾಯಾಮಗಳಿಂದಲೂ ಹೊರಡದಂಥ ಶಬ್ದ ಗಂಡ ಹೆಂಡತಿ ಒಟ್ಟಿಗೆ ನಕ್ಕಿದ್ದರಿಂದ ಹೊರಟಿತ್ತು.

ಹೆಬ್ಬಾಳದ ಹತ್ತಿರದ ಆಸ್ಪತ್ರೆಯೊಂದರಲ್ಲಿ ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಕಳೆದ ವರ್ಷ ನಿವೃತ್ತಳಾದೆ. ನನ್ನ ಕುರ್ಚಿಗೆ ಬಂದಿರುವ ದೀಪಾ, ಹೊಸದಾಗಿ ಸೇರುವ ಹುಡುಗಿಯರಿಗಾಗಿ ಏನಾದರೂ ಬರೆದುಕೊಡಿ ಎಂದು ಬೆನ್ನು ಬಿದ್ದಿದ್ದಾಳೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎನ್ನುವುದರಿಂದ ಅವರಿಗೆ ಉಪಯೋಗವಿಲ್ಲ. ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ನಾವು ಕಲಿಯುವ ಕಾಲಕ್ಕೆ ಹಿರಿಯ ವೈದ್ಯರು ಖಡಾಖಂಡಿತವಾಗಿ ಹೇಳುತ್ತಿದ್ದರು: ಮಿದುಳಿನಲ್ಲಿ ಸತ್ತ ಭಾಗ ಸತ್ತ ಹಾಗೇ, ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಮಾತು, ಆಮೇಲೆ ದೇವರ ಇಚ್ಛೆ. ನಮ್ಮ ವಿಭಾಗದ ಮುಖ್ಯಸ್ಥೆ ವಸುಧಾ ಮೇಡಂ ಇದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. ಗಿಡ್ಡ ಆಳು, ಗಟ್ಟಿ ಸ್ವರ, ಕಾಟನ್ ಸೀರೆ, ಸದಾ ಇಸ್ತ್ರಿ. ಹೆಬ್ಬಾಳ ಫ್ಲೈಓವರಿನಲ್ಲಿ ಜಾಮ್ ಆದರೆ ಜನ ಮನೆಗೆ ಹೋಗುವುದನ್ನು ಬಿಡುತ್ತಾರಾ ಎಂದು ಅವರು ಕೇಳುತ್ತಿದ್ದರು. ಕೆರೆ ಪಕ್ಕದಲ್ಲಿ, ಯಾರದೋ ಕಾಂಪೌಂಡ್ ಹಿಂದೆ ದಾರಿ ಹುಡುಕುತ್ತಾರೆ, ದಿನಾ ಓಡಾಡಿದರೆ ಅದೇ ರಸ್ತೆಯಾಗುತ್ತದೆ, ಮಿದುಳೂ ಹಾಗೇ. ಆದರೆ ದಿನಾ ಹೋಗಬೇಕೆಂದರೆ ಆ ಕಡೆ ಹೋಗಲು ಒಂದು ಮನೆ ಇರಬೇಕು, ಮನೆಯಲ್ಲಿ ಯಾರಾದರೂ ಕಾಯುತ್ತಿರಬೇಕು ಎಂದು ಸೇರಿಸುತ್ತಿದ್ದರು.

ಅವರದೊಂದು ವಿಚಿತ್ರ ನಿಯಮವಿತ್ತು. ರೋಗಿಯನ್ನು ಒಳಗೆ ಕರೆಯುವ ಮುಂಚೆ ನಾವು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸುತ್ತಾ ಸುಮ್ಮನೆ ಕೂರಬೇಕು. 'ಹಾಜರಿ ಹಾಕೋದು' ಎಂದು ಅದಕ್ಕೆ ಹೆಸರು. ದೇಹ ಬಂದಿದೆ, ಮನಸ್ಸು ಬಂದಿದೆಯಾ ನೋಡಿಕೊಳ್ಳಿ ಎನ್ನುತ್ತಿದ್ದರು. ಹೊರಗೆ ಬೆಂಚಿನ ತುಂಬ ಜನ, ಒಳಗೆ ನಾನು ಕಣ್ಣು ಮುಚ್ಚಿ ಕೂತು ಬೆಳಿಗ್ಗೆ ಒಲೆ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಒಂದೆರಡು ಸಲ ನಿದ್ದೆಯೂ ಮಾಡಿದ್ದೇನೆ. ಇದರ ಬೆಲೆ ತಿಳಿದದ್ದು ನಿಧಾನವಾಗಿ. ಮಾತು ಹೋದವರು ಮುಖ ಓದುವುದರಲ್ಲಿ ಬಲು ಚುರುಕು. ನಮ್ಮ ಬಾಯಿ 'ಹೇಳಿ, ಪರವಾಗಿಲ್ಲ' ಎನ್ನುತ್ತಿದ್ದರೂ ಕಣ್ಣು ಗಡಿಯಾರ ನೋಡಿದರೆ ಅವರಿಗೆ ತಿಳಿಯುತ್ತದೆ. ತಿಳಿದ ಕ್ಷಣಕ್ಕೆ ನಾಲಿಗೆ ಮೇಲಿದ್ದ ಶಬ್ದ ಒಳಗೆ ಹೋಗುತ್ತದೆ. ಮನಸ್ಸು ನಿಜವಾಗಿ ಅಲ್ಲೇ ಇದ್ದ ದಿನ ಅದೇ ರೋಗಿ, ಅದೇ ಪಾಠ, ಎರಡು ಮಾತು ಹೆಚ್ಚು ಬರುತ್ತಿತ್ತು. ಈಚೆಗೆ ಒಂದು ಕಾರ್ಯಾಗಾರದಲ್ಲಿ ಯುವಕನೊಬ್ಬ ಇದನ್ನೇ ಮೈಂಡ್‌ಫುಲ್‌ನೆಸ್ ಎಂದು ಸ್ಲೈಡ್ ಹಾಕಿ ವಿವರಿಸಿದ. ನಾನು ಹಿಂದಿನ ಸಾಲಿನಲ್ಲಿ ಕೂತು, ವಸುಧಾ ಮೇಡಂ ಇದ್ದಿದ್ದರೆ ಸ್ಲೈಡ್ ಆರಿಸಿ ಅವನನ್ನೇ ಸುಮ್ಮನೆ ಕೂರಿಸುತ್ತಿದ್ದರು ಎಂದುಕೊಂಡೆ.

ಎಡವಟ್ಟುಗಳೂ ಇದ್ದವು. ಆಗ ನಮ್ಮಲ್ಲಿದ್ದ ಚಿತ್ರದ ಕಾರ್ಡುಗಳು ಹೊರದೇಶದವು. ರಾಜಾನುಕುಂಟೆಯ ಒಬ್ಬ ಅಜ್ಜಿಗೆ ಬ್ರೆಡ್ ಸುಡುವ ಯಂತ್ರ, ಹಿಮದ ಗೊಂಬೆ, ಬೆಂಕಿಗೂಡು ಎಲ್ಲ ತೋರಿಸಿ, ಯಾವುದಕ್ಕೂ ಹೆಸರು ಬರಲಿಲ್ಲವೆಂದು ಸಾಲಾಗಿ ಸೊನ್ನೆ ಹಾಕಿದೆ. ಅಜ್ಜಿಯ ಸೊಸೆ ಬಹಳ ಸಂಕೋಚದಿಂದ, ಅದಕ್ಕೆಲ್ಲ ಏನಂತಾರೆ ಮೇಡಂ, ನನಗೂ ಗೊತ್ತಿಲ್ಲ ಎಂದಳು. ಮರುದಿನ ಮಧ್ಯಾಹ್ನ ವಸುಧಾ ಮೇಡಂ ಮತ್ತು ನಾನು ಕೂತು ಹೊಸ ಕಾರ್ಡು ಬರೆದೆವು: ಒರಳುಕಲ್ಲು, ಹಲಸಿನ ಹಣ್ಣು, ಮುದ್ದೆ, ಬಸ್ಸು, ಕೋಳಿ. ನಾನು ಬರೆದ ಕೋಳಿಯನ್ನು ಆ ಅಜ್ಜಿ ಬಹಳ ಹೊತ್ತು ನೋಡಿ "ಕಾಗೆ" ಎಂದರು. ಅದಕ್ಕೆ ಮಾತ್ರ ನಾನು ಪೂರ್ತಿ ಅಂಕ ಕೊಟ್ಟೆ. ನೋಡಿದವರೆಲ್ಲ ಕಾಗೆ ಎಂದೇ ಹೇಳುತ್ತಿದ್ದರು.

ಈಗ ನಂಜಪ್ಪನವರ ವಿಷಯಕ್ಕೆ ಬರುತ್ತೇನೆ. ನನಗೆ ಈ ಕೆಲಸ ಏನೆಂದು ತಿಳಿಸಿದವರು ಅವರು ಮತ್ತು ಅವರ ಹೆಂಡತಿ ಗಂಗಮ್ಮ.

ನಂಜಪ್ಪನವರ ಊರು ಮಾಕಳಿ. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಈರುಳ್ಳಿ ಮಂಡಿಯೊಂದರ ಹರಾಜು ಕೂಗುವವರು. ಲಾರಿಗಳ ಗಲಾಟೆಯ ನಡುವೆ ಅವರ ದನಿ ಮೂರು ಸಾಲು ಅಂಗಡಿ ದಾಟಿ ಕೇಳುತ್ತಿತ್ತಂತೆ. ಒಂದು ಬೆಳಿಗ್ಗೆ ಈರುಳ್ಳಿ ರಾಶಿಯ ಮುಂದೆ ನಿಂತು ಕೂಗುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಕೆಳಗೆ ಕೂತರು. ಜೀವ ಉಳಿಯಿತು, ಕಾಲಿಗೆ ಶಕ್ತಿ ಬಂತು, ಬಲಗೈ ಅಷ್ಟಕ್ಕಷ್ಟೇ. ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಬೇಕಾದ್ದೂ ಒಳಗೆ ಇತ್ತು. ಬಾಯಿಗೆ ಬರುವ ದಾರಿ ಮುಚ್ಚಿತ್ತು.

ಗಂಗಮ್ಮನವರ ಬಾಯಿಗೆ ಬಾಗಿಲೇ ಇರಲಿಲ್ಲ. ನಾನು ನಂಜಪ್ಪನವರ ಹೆಸರು ಕೇಳಿದರೆ ಅವರು ಹೇಳುತ್ತಿದ್ದರು. ಮುದ್ದೆಯ ಚಿತ್ರ ತೋರಿಸಿದರೆ ಮುದ್ದೆ ಎನ್ನುವುದಲ್ಲದೆ, ನಿನ್ನೆ ಇವರು ಎಷ್ಟು ಉಂಡರು, ಸಾರಿಗೆ ಏನು ಹಾಕಿದ್ದೆ ಎಂಬುದನ್ನೂ ಹೇಳುತ್ತಿದ್ದರು. ನಂಜಪ್ಪನವರು ತುಟಿ ಬಿಚ್ಚುವ ಹೊತ್ತಿಗೆ ಉತ್ತರ ಮುಗಿದಿರುತ್ತಿತ್ತು. ಅವರು ಬಿಚ್ಚಿದ ತುಟಿಯನ್ನು ಮತ್ತೆ ಮುಚ್ಚುತ್ತಿದ್ದರು.

ಸಂಬಂಧಿಕರು ಅಡ್ಡಿಯಾದರೆ ಹೊರಗೆ ಕಳಿಸಿ ಪಾಠ ಮಾಡುವುದು ಆಗಿನ ಪದ್ಧತಿ. ನಾನೂ ಹಾಗೇ ಮಾಡಿದೆ. ಗಂಗಮ್ಮ ಬೆಂಚಿನ ಮೇಲೆ ಕೂತರು. ಒಳಗೆ ನಂಜಪ್ಪನವರು ಬಾಗಿಲನ್ನೇ ನೋಡುತ್ತಾ ಕೂತರು. ಕಾರ್ಡು ತೋರಿಸಿದರೆ ಬಾಗಿಲು ನೋಡುವರು. ಉಚ್ಚರಿಸಿ ತೋರಿಸಿದರೆ ಬಾಗಿಲು ನೋಡುವರು. ಒಂದು ವಾರ ಹೀಗೇ ಆದ ಮೇಲೆ, ಗಾಜಿನಾಚೆ ನಿಂತು ನೋಡುತ್ತಿದ್ದ ವಸುಧಾ ಮೇಡಂ ನನ್ನನ್ನು ಕರೆದರು.

"ನೀವು ಹೆಂಡತೀನ ಹೊರಗೆ ಕಳ್ಸಿದೀನಿ ಅಂದ್ಕೊಂಡಿದೀರಾ ಶೈಲಜಾ. ಆತನ ಅರ್ಧ ಮಿದುಳನ್ನ ಹೊರಗೆ ಕೂರ್ಸಿದೀರಾ."

ಒಳಗೆ ಇದ್ದರೆ ಆಕೆ ಮಾತಾಡಲು ಬಿಡುವುದಿಲ್ಲವಲ್ಲ ಎಂದೆ. ಹಾಗಾದರೆ ಚಿಕಿತ್ಸೆ ಆಕೆಗೂ ಬೇಕು, ಇಬ್ಬರಿಗೂ ಸೇರಿಸಿ ಕೊಡಿ ಎಂದರು.

ನಾನು ಗಂಗಮ್ಮನವರಿಗೆ ಹಾಜರಿ ಹಾಕುವುದನ್ನು ಕಲಿಸಲು ಹೊರಟೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಿ, ಉಸಿರು ಏರುವುದು ಇಳಿಯುವುದು ನೋಡಿ, ಮಾತು ಬಂದರೆ ಬಂದಿದೆ ಎಂದು ಗಮನಿಸಿ ಬಿಟ್ಟುಬಿಡಿ ಎಂದೆ. ಅವರು ಶ್ರದ್ಧೆಯಿಂದ ಕಣ್ಣು ಮುಚ್ಚಿದರು. ಎರಡು ಉಸಿರು ಆಗುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡೇ, ಪಕ್ಕದ ಮನೆಯವರ ಎಮ್ಮೆ ಕರು ಹಾಕಿದ ವಿಷಯ ಹೇಳತೊಡಗಿದರು. ನಂಜಪ್ಪನವರ ಭುಜ ಅಲುಗಿತು. ಆಸ್ಪತ್ರೆಗೆ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಲವು ದಿನ ಹೀಗೆ ನಡೆಯಿತು. ಒಂದು ದಿನ ಗಂಗಮ್ಮ ನಿಜವಾಗಿಯೂ ಸುಮ್ಮನೆ ಕೂತರು. ಉಸಿರಾಟ ನಿಧಾನವಾಯಿತು, ಮುಖ ಸಡಿಲವಾಯಿತು. ಆಮೇಲೆ ಕಣ್ಣಲ್ಲಿ ನೀರು ಇಳಿಯಿತು. ನಾನು ಏನಾಯಿತು ಎಂದು ಕೇಳಿದೆ.

"ಸುಮ್ಕಾದ್ರೆ ಭಯ ಆಯ್ತದೆ ಮೇಡಮ್ಮ. ಮೊದ್ಲು ಮನೆ ತುಂಬಾ ಇವ್ರುದೇ ಸದ್ದು. ಈಗ ನಾನೂ ಸುಮ್ಕಾಗ್ಬಿಟ್ರೆ, ಇವ್ರು ಓಗೇಬಿಟ್ರೇನೋ ಅನ್ನುಸ್ತದೆ. ಅದುಕ್ಕೇ ಇಂಗೆ ಏನಾರಾ ಏಳ್ತಾನೇ ಇರ್ತೀನಿ."

ನಂಜಪ್ಪನವರು ಎಡಗೈ ಚಾಚಿ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡರು. ನಾನು ಆ ದಿನ ಕಾರ್ಡು ತೆಗೆಯಲಿಲ್ಲ. ಮೂವರೂ ಸುಮ್ಮನೆ ಕೂತಿದ್ದೆವು. ಆ ಮೌನದಲ್ಲಿ ಹೆದರುವಂಥದ್ದು ಏನೂ ಇಲ್ಲವೆಂದು ಗಂಗಮ್ಮನವರಿಗೆ ಮೊದಲ ಸಲ ಗೊತ್ತಾಗಿರಬೇಕು. ಮುಂದಿನ ಸಲದಿಂದ ಅವರು ಗಂಡನ ಪಕ್ಕ ಕೂತು, ಅವರ ಕೈ ಹಿಡಿದು, ತಮ್ಮ ಹೊಟ್ಟೆಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಕಾಯತೊಡಗಿದರು. ನಂಜಪ್ಪನವರು ಬಾಗಿಲು ನೋಡುವುದನ್ನು ಬಿಟ್ಟರು.

ಮಾತು ಬಂದದ್ದು ನಾನು ಕರೆದ ದಾರಿಯಿಂದಲ್ಲ. ಒಂದು ಮಧ್ಯಾಹ್ನ ಕಿಟಕಿಯ ಹೊರಗೆ ತಳ್ಳುಗಾಡಿಯವನು ಟೊಮೆಟೊ ಕೂಗುತ್ತಾ ಹೋದ. ನಂಜಪ್ಪನವರು ತಟಕ್ಕನೆ ನೆಟ್ಟಗಾದರು. ಎದೆ ತುಂಬಿ ದನಿ ಎದ್ದಿತು: "ಒಂದನೇ ಸಲ, ಎರಡನೇ ಸಲ, ಮೂರನೇ ಸಲ!" ನಮ್ಮ ಕೋಣೆ ನಡುಗಿತು. ಪಕ್ಕದ ಕೋಣೆಯಿಂದ ಫಿಸಿಯೋಥೆರಪಿಯವರು ಓಡಿ ಬಂದರು. ಗಂಗಮ್ಮ ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. ನಂಜಪ್ಪನವರು ತಮ್ಮದೇ ದನಿ ಎಲ್ಲಿಂದ ಬಂತೆಂದು ಹುಡುಕುವವರ ಹಾಗೆ ನಮ್ಮಿಬ್ಬರ ಮುಖ ನೋಡಿದರು.

ವರ್ಷಗಟ್ಟಲೆ ಬಾಯಿಗೆ ರೂಢಿಯಾದ ಮಾತು, ದೇವರ ಸ್ತೋತ್ರ, ಹಾಡು, ಎಣಿಕೆ, ಬೈಗುಳ, ಇವು ಮಿದುಳಿನಲ್ಲಿ ಬೇರೆ ದಾರಿಯಲ್ಲಿ ಸಾಗುತ್ತವೆ. ಯೋಚಿಸಿ ಆಡುವ ಮಾತಿನ ದಾರಿ ಮುಚ್ಚಿದರೂ ಇವು ಎಷ್ಟೋ ಸಲ ಉಳಿಯುತ್ತವೆ. ನಂಜಪ್ಪನವರಿಗೆ ಉಳಿದದ್ದು ಹರಾಜು. ನಾವು ಅದಕ್ಕೇ ಜೋತುಬಿದ್ದೆವು. ಮುಂದೆ ನೀರಿನ ಲೋಟ ಇಟ್ಟು ನಾನು 'ಒಂದನೇ ಸಲ' ಎನ್ನುವುದು, ಅವರು 'ಎರಡನೇ ಸಲ' ಎನ್ನುವುದು, ಮೂರನೆಯದರ ಜಾಗದಲ್ಲಿ ಲೋಟ ತೋರಿಸಿ ಕಾಯುವುದು. ಮೊದಲು 'ಮೂರನೇ' ಎಂದೇ ಬರುತ್ತಿತ್ತು. ಕಾದೆವು. ಒಂದು ದಿನ "ಒಂದನೇ ಸಲ, ಎರಡನೇ ಸಲ, ನೀರು" ಎಂದರು. ಅವತ್ತು ಗಂಗಮ್ಮ ಕುಡಿಸಿದಷ್ಟು ನೀರನ್ನು ಅವರು ಬೇರೆ ಯಾವತ್ತೂ ಕುಡಿದಿರಲಾರರು. ಆಮೇಲೆ ಮನೆಯಲ್ಲಿ ಕಾಫಿ, ಟವೆಲ್ಲು, ಚಪ್ಪಲಿ ಎಲ್ಲವೂ ಹರಾಜಿಗೆ ಬಂದವು.

ಆದರೆ ನಮ್ಮ ಮುಂದೆ, ಹೆಂಡತಿಯ ಮುಂದೆ ಬರುವ ಮಾತು ಹೊರಗಿನವರ ಮುಂದೆ ಬರಲಿಲ್ಲ. ಯಾರ್ಡಿನ ಗೆಳೆಯರು ಮಾಕಳಿಗೆ ಬಂದು, ಕಿವುಡರಿಗೆ ಹೇಳುವಂತೆ ಜೋರಾಗಿ ಬಿಡಿಸಿ ಬಿಡಿಸಿ ಮಾತಾಡಿ, ನಂಜಪ್ಪನವರು ಶಬ್ದ ಹುಡುಕುವಷ್ಟರಲ್ಲಿ ತಾವೇ ತುಂಬಿ, ಹಣ್ಣು ಇಟ್ಟು ಹೋಗಿದ್ದರು. ಅದರ ಮರುದಿನದಿಂದ ನಂಜಪ್ಪನವರು ಚಿಕಿತ್ಸೆಗೆ ಬರುವುದನ್ನು ನಿಲ್ಲಿಸಿದರು. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ಹಗಲೂ ಎದ್ದು ಕೂರುವುದಿಲ್ಲ, ಊಟವೂ ಬೇಡವಂತೆ ಎಂದು ಗಂಗಮ್ಮ ಫೋನಿನಲ್ಲಿ ಹೇಳಿದರು. ಇಂಥ ಕುಗ್ಗುವಿಕೆ ನಮ್ಮ ಕೆಲಸದಲ್ಲಿ ಸಾಮಾನ್ಯ. ಅಲ್ಲಿಗೆ ಎಷ್ಟೋ ಜನ ನಿಂತೇ ಬಿಡುತ್ತಾರೆ, ಬಂದ ಮಾತೂ ಹೋಗುತ್ತದೆ.

ಅವರನ್ನು ಯಾರ್ಡಿಗೇ ಕರೆದುಕೊಂಡು ಹೋಗಬೇಕು ಎಂದು ನನಗೆ ಅನ್ನಿಸಿತು. ಆಗ ನಮ್ಮ ಮೇಲಿದ್ದ ಆಡಳಿತಾಧಿಕಾರಿ, ಚಿಕಿತ್ಸೆ ಕಟ್ಟಡದೊಳಗೆ ನಡೆಯಬೇಕು, ಈರುಳ್ಳಿ ಮಂಡಿಯಲ್ಲಿ ಅಲ್ಲ ಎಂದರು. ವಸುಧಾ ಮೇಡಂ ವಾದ ಮಾಡಲಿಲ್ಲ. ನನ್ನ ರಜೆ ಅರ್ಜಿಗೆ ಸಹಿ ಹಾಕಿ, ಅಲ್ಲಿ ಬೆಳ್ಳುಳ್ಳಿ ಚೆನ್ನಾಗಿರುತ್ತದಂತೆ, ಒಂದಿಷ್ಟು ತನ್ನಿ ಎಂದರು.

ಮೊದಲು ನಾನೊಬ್ಬಳೇ ಹೋದೆ. ನಂಜಪ್ಪನವರ ಹಳೆಯ ಜೊತೆಗಾರ ಸೀನಪ್ಪ, ಹಮಾಲರ ಮೇಸ್ತ್ರಿ, ಮೂಟೆಯ ಮೇಲೆ ಗೋಣಿ ಹಾಸಿ ನನ್ನನ್ನು ಕೂರಿಸಿದರು. ನಂಜಪ್ಪನವರಿಗೆ ಬುದ್ಧಿಯೂ ಇದೆ, ಕಿವಿಯೂ ಇದೆ, ಶಬ್ದ ಮಾತ್ರ ನಿಧಾನ. ನೀವು ತುಂಬಬೇಡಿ, ಮುಖ ನೋಡಿಕೊಂಡು ಕಾಯಿರಿ ಎಂದು ವಿವರಿಸಿದೆ. ಸೀನಪ್ಪ ಬೀಡಿ ಆರಿಸಿದರು.

"ನಾವು ಅವ್ನಿಗೆ ಕಷ್ಟ ಆಗ್ಬಾರ್ದು ಅಂತ ನಾವೇ ಹೇಳ್ಬಿಡ್ತಿದ್ವಿ ಮೇಡಂ" ಎಂದರು. "ಕಾಯ್ತೀವಿ ಬಿಡಿ. ಕರ್ಕೊಂಡ್ ಬನ್ನಿ."

ಕರೆದುಕೊಂಡು ಬರಲು ಗಂಗಮ್ಮ ಮಾಡಿದ ಉಪಾಯ ನನಗೆ ಆಮೇಲೆ ತಿಳಿಯಿತು. ಅವರು ಏನೂ ಹೇಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ ಗಂಡನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು, ಅವರ ಉಸಿರಿಗೆ ತಮ್ಮ ಉಸಿರು ಕೂಡಿಸಿ, ಬೆಳಕು ಹರಿಯುವ ತನಕ ಪಕ್ಕದಲ್ಲಿ ಕೂತಿದ್ದರು. ಅವರಾಗಿಯೇ ಈ ಕಡೆ ತಿರುಗಿದಾಗ, ಯಾರ್ಡಿಗೆ ಹೋಗುವಾಗ ಹಾಕುತ್ತಿದ್ದ ಬಿಳಿ ಅಂಗಿ ತಂದು ಮುಂದೆ ಹಿಡಿದರು.

ಆ ಬೆಳಿಗ್ಗೆ ಯಾರ್ಡು ಎಂದಿನ ಹಾಗೆ ಗಿಜಿಗಿಜಿ ಎನ್ನುತ್ತಿತ್ತು. ಈರುಳ್ಳಿ ಸಿಪ್ಪೆ ಗಾಳಿಗೆ ಹಾರುತ್ತಿತ್ತು. ನಂಜಪ್ಪನವರು ನನ್ನ ಒಂದು ಪಕ್ಕ, ಗಂಗಮ್ಮ ಇನ್ನೊಂದು ಪಕ್ಕ. ಮಂಡಿಯ ಯಜಮಾನರು ಒಳ್ಳೆಯವರು. ಒಂದು ಸಣ್ಣ ರಾಶಿ ತೋರಿಸಿ, ಕೂಗಿ ನಂಜಪ್ಪ ಎಂದರು. ವ್ಯಾಪಾರಿಗಳು ಸುತ್ತ ನಿಂತರು. ನಂಜಪ್ಪನವರು ಮೂಟೆಗೆ ಎಡಗೈ ಊರಿ ಕಣ್ಣು ಮುಚ್ಚಿದರು. ನಮ್ಮ ಕೋಣೆಯಲ್ಲಿ ಮಾಡುತ್ತಿದ್ದ ಹಾಗೆ ಎರಡು ಉಸಿರು ತೆಗೆದರು. ಆಮೇಲೆ ದನಿ ಎದ್ದಿತು. ದರ ಮೇಲೆ ಮೇಲೆ ಹೋಯಿತು, ಒಂದನೇ ಸಲ ಆಯಿತು, ಎರಡನೇ ಸಲ, ಮೂರನೇ ಸಲವೂ ಆಯಿತು. ಇನ್ನು ಗೆದ್ದವರ ಹೆಸರು ಹೇಳಬೇಕು. ಎದುರಿಗೆ ನಿಂತವರು ಸಿದ್ದೇಗೌಡರೆಂಬ ದೊಡ್ಡ ವ್ಯಾಪಾರಿ. ಹೆಸರು ಬರಲಿಲ್ಲ.

ಇಡೀ ಯಾರ್ಡಿನಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಅವತ್ತು ಕಾದರು. ಸೀನಪ್ಪ ಹಿಂದೆ ತಿರುಗಿ ಹಮಾಲರಿಗೆ ಕೈ ಅಡ್ಡ ಹಿಡಿದರು. ಗಂಗಮ್ಮನವರ ಕೈ ಹೊಟ್ಟೆಯ ಮೇಲಿತ್ತು. ನಂಜಪ್ಪನವರ ಹಣೆ ಬೆವರಿತು, ತುಟಿ ಅಲುಗಿತು, ಕೊನೆಗೆ ಇಡೀ ಗುಂಪಿಗೆ ಕೇಳುವ ಹಾಗೆ ಶಬ್ದ ಹೊರಬಿತ್ತು:

"ಸೌತೇಕಾಯಿ!"

ಅದು ಸಿದ್ದೇಗೌಡರ ಉದ್ದನೆಯ ಮುಖಕ್ಕೆ ಯಾರ್ಡಿನವರೆಲ್ಲ ಬೆನ್ನ ಹಿಂದೆ ಇಟ್ಟಿದ್ದ ಅಡ್ಡಹೆಸರು. ಎದುರಿಗೆ ಆಡಿದವರು ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ಗೌಡರ ಕಡೆ ತಿರುಗಿತು. ಸಿದ್ದೇಗೌಡರು ಟವೆಲ್ಲು ತೆಗೆದು ಮುಖ ಒರೆಸಿಕೊಂಡು, "ಇದಾ ನಂಗಿಟ್ಟಿರೋ ಹೆಸ್ರು? ಆಯ್ತು, ಸೌತೇಕಾಯಿ ಹೆಸ್ರಿಗೇ ಬರ್ಕೊಳ್ರಪ್ಪ" ಎಂದರು. ನಗು ಲಾರಿಗಳ ಸಾಲಿನ ತನಕ ಹೋಯಿತು. ನಂಜಪ್ಪನವರು ಸೀನಪ್ಪನವರ ಹೆಗಲಿಗೆ ಹಣೆ ಒತ್ತಿ ನಕ್ಕರು. ನಾನು ನಕ್ಕು ನಕ್ಕು ಮೂಟೆಯ ಮೇಲೆ ಕೂತೆ. ಮೇಡಂ ಕೇಳಿದ ಬೆಳ್ಳುಳ್ಳಿ ಮರೆತೇ ಹೋಯಿತು.

ಅಂದಿನಿಂದ ನಂಜಪ್ಪನವರು ವಾರಕ್ಕೆ ಎರಡು ಮೂರು ಬೆಳಿಗ್ಗೆ ಯಾರ್ಡಿಗೆ ಹೋಗಿ ಗೆಳೆಯರ ನಡುವೆ ಕೂರತೊಡಗಿದರು. ಆಮೇಲೆ ನಮ್ಮಲ್ಲಿಗೆ ಬರುವರು. ಸೀನಪ್ಪ, ಟೀ, ಲಾರಿ, ಬಾ, ಹೋಗೋಣ: ಅಲ್ಲಿ ಸಿಕ್ಕ ಶಬ್ದಗಳನ್ನು ನನ್ನ ಮುಂದೆ ತಂದು ಇಡುವರು. ನಾನು ಹೇಳಿಕೊಟ್ಟದ್ದಕ್ಕಿಂತ ಅವೇ ಹೆಚ್ಚು. ಹುಡುಗಿಯರೇ, ಈಗ ನಿಮ್ಮ ಕೈಯಲ್ಲಿ ಟ್ಯಾಬ್ ಇದೆ, ಮುಟ್ಟಿದರೆ ಮಾತಾಡುವ ಚಿತ್ರಗಳಿವೆ, ಮನೆಯಿಂದಲೇ ವೀಡಿಯೊದಲ್ಲಿ ಪಾಠ ನಡೆಯುತ್ತದೆ. ಎಲ್ಲವನ್ನೂ ಬಳಸಿ. ಆದರೆ ಟ್ಯಾಬಿಗೆ ಹೇಳಲು ರೋಗಿಯ ಹತ್ತಿರ ಏನೂ ಇರುವುದಿಲ್ಲ. ಯಾರಿಗೆ ಏನು ಹೇಳಬೇಕೆಂದು ಆತನ ಒಳಗೆ ಒದ್ದಾಟವಿದೆಯೋ ಆ ಮನುಷ್ಯರನ್ನು ಹುಡುಕಿ, ಕೋಣೆಯೊಳಗೆ ಕರೆದು ತನ್ನಿ.

ಇಷ್ಟರಲ್ಲಿ ಗಂಗಮ್ಮ ಬದಲಾಗಿದ್ದರು. ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಕಲಿತಿದ್ದರು. ಬರುವರು, ಗಂಡನ ಪಕ್ಕ ಕೂರುವರು, ನೆಮ್ಮದಿಯ ಮುಖದಿಂದ ಕಾಯುವರು. ಮನೆಯಲ್ಲೂ ಹಾಗೇ ಎಂದರು. ನನಗೆ ಒಳಗೊಳಗೆ ಹೆಮ್ಮೆ.

ಒಂದು ದಿನ ಚಿಕಿತ್ಸೆ ಮುಗಿಯುವ ಹೊತ್ತು. ನಂಜಪ್ಪನವರು ಕಾರ್ಡು ಪಕ್ಕಕ್ಕೆ ಸರಿಸಿದರು. ಹೆಂಡತಿಯ ಕಡೆ ತಿರುಗಿ ಕೂತು ಬಾಯಿ ತೆರೆದರು. ಏನೋ ಬರುವುದಿದೆ ಎಂದು ತಿಳಿದು ನಾನು ಅಲುಗಾಡಲಿಲ್ಲ. ಗಂಗಮ್ಮನವರ ಕೈ ಹೊಟ್ಟೆಯ ಮೇಲೆ ಹೋಯಿತು. ಬಹಳ ಹೊತ್ತಾಯಿತು. ಹರಾಜಿನ ಆಸರೆ ಇಲ್ಲದೆ, ಒಂದನೇ ಸಲ ಎರಡನೇ ಸಲ ಇಲ್ಲದೆ, ಎರಡು ಶಬ್ದಗಳು ಒಂದರ ಹಿಂದೆ ಒಂದು ಬಂದವು.

"ನೀ… ಮಾತಾಡು."

ಗಂಗಮ್ಮನವರಿಗೆ ಅರ್ಥವಾಗಲಿಲ್ಲ. ನಾನು ಯಾಕೆ ಮಾತಾಡ್ಲಿ, ಇವರು ಆಡಲಿ ಅಂತಲ್ಲವಾ ನಾನು ಸುಮ್ಮನಿರುವುದು ಎಂಬಂತೆ ನನ್ನ ಮುಖ ನೋಡಿದರು. ನಂಜಪ್ಪನವರು ತಲೆ ಆಡಿಸಿ, ಆಕೆಯ ಕೈಯನ್ನು ಹೊಟ್ಟೆಯ ಮೇಲಿಂದ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ತಮ್ಮ ಕಿವಿ ಮುಟ್ಟಿ ತೋರಿಸಿದರು. ಮತ್ತೆ ಅದೇ ಎರಡು ಮಾತು, ಈ ಸಲ ನಿಲ್ಲದೆ ಹೇಳಿದರು.

ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಸಿಕ್ಕ ಓರಗಿತ್ತಿಯ ವಿಷಯದಿಂದ ಶುರು ಮಾಡಿದರು. ಅವಳ ಸೀರೆಗೆ ಬಂದು, ಸೀರೆಯಿಂದ ಮಾಕಳಿಯ ಹೊಸ ಬಡಾವಣೆಗೆ ಹೋಗಿ, ಅಲ್ಲಿಂದ ಮನೆಯ ಕೋಳಿ ಯಾರ ಹಿತ್ತಿಲಲ್ಲಿ ಮೊಟ್ಟೆ ಇಡುತ್ತಿದೆ ಎಂಬಲ್ಲಿಗೆ ಬಂದರು. ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ನಂಜಪ್ಪನವರು ಬೆನ್ನು ಕುರ್ಚಿಗೆ ಒರಗಿಸಿ, ಕಣ್ಣು ಅರ್ಧ ಮುಚ್ಚಿ ಕೇಳುತ್ತಾ ಕೂತರು.

ಹೊರಗೆ ಮುಂದಿನ ರೋಗಿ ಬಂದು ಕೂತಾಗಿತ್ತು. ನಾನು ಎದ್ದು ಹೋಗಿ ಸ್ವಲ್ಪ ತಡವಾಗುತ್ತದೆ ಎಂದು ಹೇಳಿ ಬಂದೆ, ಬಾಗಿಲು ಮುಂದೆ ಮಾಡಿದೆ, ಮತ್ತೆ ನನ್ನ ಕುರ್ಚಿಯಲ್ಲಿ ಕೂತೆ.